ಸೌದೆಯಿಂದ ವಿದ್ಯುತ್ತು: ಹೊಸಹಳ್ಳಿ ಕಲಿಸಿದ ಪಾಠ

ಸೌದೆ, ತೆಂಗಿನ ಮಟ್ಟೆ, ಕಡಲೆಕಾಯಿ ಸಿಪ್ಪೆ, ಕಬ್ಬಿನ ರವುದೆ ಮೊದಲಾದ ಸಸ್ಯಮೂಲದ ಇಂಧನಗಳನ್ನು ಒಟ್ಟಾಗಿ ಜೀವರಾಶಿ ಎಂದು ಕರೆಯುತ್ತೇವೆ. ಇವುಗಳಿಂದ ಒಂದು ಹಳ್ಳಿಗೆ ಸಾಕಾಗುವಷ್ಟು ವಿದ್ಯುತ್ತನ್ನು ಉತ್ಪಾದಿಸಬಹುದೆಂಬುದನ್ನು ನಮ್ಮ ನಾಡಿನಲ್ಲಿಯೇ ಪ್ರಯೋಗ ಮಾಡಿ ತೋರಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಈ ಕಾರ್ಯವನ್ನು ಕೈಗೊಂಡಿತು. ವಿದ್ಯುತ್ ಸಂಪರ್ಕವೇ ಇಲ್ಲದಿದ್ದ ಆ ಪುಟ್ಟ ಹಳ್ಳಿಯಲ್ಲಿ 1988ರಲ್ಲಿ 3.7 ಕಿಲೋವ್ಯಾಟ್ ಸಾಮರ್ಥ್ಯದ ಸ್ಥಾವರ ಕಾರ್ಯಾರಂಭ ಮಾಡಿತು. ಮುಂದೆ ಅದರ ಸ್ಥಾನದಲ್ಲಿ 20 ಕಿಲೋವ್ಯಾಟ್ ಸಾಮರ್ಥ್ಯದ ಸ್ಥಾವರ ಬಂದಿತು.

ಇಷ್ಟು ಸಣ್ಣ ಪ್ರಮಾಣಕ್ಕೆ ನೀರು ಕಾಯಿಸಿ ಹಬೆಯಿಂದ ಟರ್ಬೈನ್ ತಿರುಗಿಸುವ ಕ್ರಮ ಲಾಭದಾಯಕವಲ್ಲ. ಆದುದರಿಂದ ಇಲ್ಲಿ ಗ್ಯಾಸಿಫೈಯರ್ ಬಳಸುತ್ತಾರೆ. ಒಣಗಿದ ಸೌದೆಯ ತುಂಡುಗಳನ್ನು ಮುಚ್ಚಿದ ಕುಲುಮೆಯಲ್ಲಿ ಹಾಕಿ, ಪೂರ್ಣ ಉರಿಯಲು ಸಾಲದಷ್ಟು ಗಾಳಿಯನ್ನು ಮಾತ್ರ ಒದಗಿಸಲಾಗುತ್ತದೆ. ಆಗ ಕಾರ್ಬನ್ ಮಾನಾಕ್ಸೈಡ್ ಹಾಗೂ ಜಲಜನಕ ತಲಾ ಶೇ. 20ರಷ್ಟು ಇರುವ, ಉರಿಯಬಲ್ಲ ಅನಿಲ ದೊರೆಯುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಗಾಳಿಯ ಸಾರಜನಕ. ಈ ಅನಿಲವನ್ನು ತಣಿಸಿ, ಬೂದಿ ಮತ್ತು ಟಾರನ್ನು ಬೇರ್ಪಡಿಸಿ, ಎಂಜಿನ್ನಿಗೆ ಹಾಯಿಸಿದರೆ ಜನರೇಟರ್ ತಿರುಗುತ್ತದೆ. ಸೌದೆ ಹಸಿಯಾಗಿದ್ದರೆ ಅನಿಲದ ಗುಣಮಟ್ಟ ಕೆಡುತ್ತದೆ. ಶೋಧನೆ ಸರಿಯಾಗದಿದ್ದರೆ ಎಂಜಿನ್ ಕೆಡುತ್ತದೆ. ಕಾರ್ಬನ್ ಮಾನಾಕ್ಸೈಡ್ ವಿಷಾನಿಲವಾದ್ದರಿಂದ ಯಂತ್ರದ ಕೋಣೆಗೆ ಗಾಳಿಯಾಡುವಿಕೆ ಅತ್ಯಗತ್ಯ.

ಹೊಸಹಳ್ಳಿಯ 35 ಮನೆಗಳಿಗೆ ಈ ಸ್ಥಾವರವು ದೀಪ, ನಲ್ಲಿಯ ಕುಡಿಯುವ ನೀರು, ಹಿಟ್ಟಿನ ಗಿರಣಿ ಮತ್ತು ನೀರಾವರಿಯ ಸೌಕರ್ಯ ಒದಗಿಸಿತು. 2004ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಆರು ವರ್ಷಗಳಲ್ಲಿ ಶೇ. 85ಕ್ಕೂ ಹೆಚ್ಚಿನ ದಿನಗಳಂದು ದೀಪ ಹಾಗೂ ಕುಡಿಯುವ ನೀರು ದೊರೆತಿದ್ದವು. ಯಂತ್ರ ನಂಬಿಕೆಗೆ ಅರ್ಹವೆಂಬುದು ಇದರಿಂದ ಸ್ಪಷ್ಟವಾಯಿತು.

ಆದರೆ ಅದೇ ಅಧ್ಯಯನದ ಮತ್ತೊಂದು ಲೆಕ್ಕ ಇನ್ನೂ ಮುಖ್ಯವಾದುದು. ಇಂಧನ ಮತ್ತು ನಿರ್ವಹಣೆಯ ವೆಚ್ಚ 5 ಕಿಲೋವ್ಯಾಟ್ ಬಳಕೆಯಿದ್ದಾಗ ಯೂನಿಟ್ಟಿಗೆ 5.85 ರೂಪಾಯಿ, ಪೂರ್ಣ 20 ಕಿಲೋವ್ಯಾಟ್ ಬಳಸಿದಾಗ 3.34 ರೂಪಾಯಿ. ಸಂಜೆಯ ದೀಪಗಳಿಗಷ್ಟೇ ಯಂತ್ರ ನಡೆಸಿದರೆ ವಿದ್ಯುತ್ತು ದುಬಾರಿ. ಹಗಲಿನಲ್ಲಿ ಗಿರಣಿ, ಪಂಪುಗಳೂ ನಡೆದರೆ ಅಗ್ಗ. ಚಿಕ್ಕ ಹಳ್ಳಿಗೆ ಅಷ್ಟು ಬಳಕೆಯನ್ನು ದಿನವೂ ಹೊಂದಿಸುವುದೇ ಕಷ್ಟದ ಕೆಲಸ.

ಈ ತೊಡಕಿಗೆ ಒಂದು ಪರಿಹಾರವೆಂದರೆ ಹೆಚ್ಚುವರಿ ವಿದ್ಯುತ್ತನ್ನು ಸರಬರಾಜು ಜಾಲಕ್ಕೆ ಕೊಡುವುದು. 2001ರಲ್ಲಿ ಆರಂಭವಾದ ‘ಗ್ರಾಮೀಣ ಭಾರತಕ್ಕೆ ಜೀವರಾಶಿ ಶಕ್ತಿ’ ಯೋಜನೆಯು ತುಮಕೂರು ಜಿಲ್ಲೆಯ ಮೂರು ಸ್ಥಳಗಳಲ್ಲಿ ಒಟ್ಟು 0.88 ಮೆಗಾವ್ಯಾಟ್ ಸಾಮರ್ಥ್ಯ ಸ್ಥಾಪಿಸಿತು. ಕಬ್ಬಿಗೆರೆಯ ಸ್ಥಾವರವನ್ನು ಜಾಲಕ್ಕೆ ಜೋಡಿಸಲಾಯಿತು. ಜಾಲಕ್ಕೆ ಜೋಡಿಸಿದ 100 ಕಿಲೋವ್ಯಾಟ್ ಘಟಕವೊಂದರಲ್ಲಿ ಒಂದು ಯೂನಿಟ್ಟಿಗೆ ಸುಮಾರು 1.36 ಕಿಲೋಗ್ರಾಂ ಸೌದೆ ಬೇಕಾಯಿತು. ಹೀಗಾಗಿ ಬಳಕೆಯ ಚಿಂತೆ ನೀಗಿದರೂ ಸೌದೆ ಬೆಳೆಸುವ, ಒಣಗಿಸುವ, ಕತ್ತರಿಸುವ ಹೊಣೆ ಉಳಿಯಿತು.

ದೂರದ ನಗರಗಳಲ್ಲಿ ನೆಲೆಸಿದ್ದರೂ ಹುಟ್ಟೂರಿನ ಏಳಿಗೆಗೆ ನೆರವಾಗಬಯಸುವವರು ನಮ್ಮಲ್ಲಿ ಅನೇಕರಿದ್ದಾರೆ. ಇಂತಹ ಸ್ಥಾವರದ ಪ್ರಸ್ತಾಪ ಬಂದಾಗ ಯಂತ್ರದ ಬೆಲೆಯೊಂದನ್ನೇ ವಿಚಾರಿಸಿದರೆ ಸಾಲದು. ಹಗಲಿನ ವಿದ್ಯುತ್ತನ್ನು ಬಳಸುವವರು ಯಾರು, ಮಳೆಗಾಲಕ್ಕೆ ಒಣ ಸೌದೆ ಎಲ್ಲಿಂದ, ಯಂತ್ರ ನಡೆಸುವವರಿಗೆ ಸಂಬಳ ಕೊಡುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳೋಣ.