ಕಿವಿಗಾಗಿ ಬಂದ ಇಪ್ಪತ್ನಾಲ್ಕು

ಬೆಳ್ಳಿತೆರೆಯ ಮೇಲೆ ಓಡುವ ಕುದುರೆ ನಿಜಕ್ಕೂ ಓಡುವುದಿಲ್ಲ. ಒಂದರ ಹಿಂದೊಂದು ಬಂದು ನಿಲ್ಲುವ ಸ್ಥಿರಚಿತ್ರಗಳನ್ನು ನಮ್ಮ ಕಣ್ಣು ಮತ್ತು ಮಿದುಳು ಸೇರಿ ಓಟವೆಂದು ತಿಳಿಯುತ್ತವೆ. ಸೆಕೆಂಡಿಗೆ ಇಂಥ ಎಷ್ಟು ಚಿತ್ರಗಳು, ಅಂದರೆ ಫ್ರೇಮುಗಳು, ಬೇಕು? ಜಗತ್ತಿನ ಬಹುತೇಕ ಸಿನಿಮಾಗಳ ಉತ್ತರ ಒಂದೇ: 24. ಕಣ್ಣಿಗೆ ಹಿತವಾದ ವೇಗ ಇದೇ ಎಂದು ವಿಜ್ಞಾನಿಗಳು ಲೆಕ್ಕ ಹಾಕಿರಬೇಕು ಎಂದು ಅನೇಕರು ಭಾವಿಸುತ್ತಾರೆ. ಚರಿತ್ರೆ ಹೇಳುವ ಕಥೆಯೇ ಬೇರೆ.

ಮೂಕಿ ಚಿತ್ರಗಳ ಕಾಲದಲ್ಲಿ ಗೊತ್ತಾದ ವೇಗವೆಂಬುದೇ ಇರಲಿಲ್ಲ. 1895ರಲ್ಲಿ ಪ್ಯಾರಿಸ್ಸಿನಲ್ಲಿ ಲೂಮಿಯೆ ಸೋದರರು ತೋರಿಸಿದ ಚಿತ್ರಗಳ ವೇಗ ಸುಮಾರು 16 ಫ್ರೇಮು. ಫಿಲ್ಮು ದುಬಾರಿ, ಫ್ರೇಮು ಕಡಿಮೆಯಾದಷ್ಟೂ ಖರ್ಚು ಕಡಿಮೆ. ಛಾಯಾಗ್ರಾಹಕ ಕ್ಯಾಮೆರಾದ ಹಿಡಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದ. ಹಾಸ್ಯ ದೃಶ್ಯಗಳಲ್ಲಿ ಬೇಕೆಂದೇ ನಿಧಾನವಾಗಿ ತಿರುಗಿಸಿದರೆ, ತೆರೆಯ ಮೇಲೆ ಪಾತ್ರಗಳು ದಡಬಡನೆ ಓಡುತ್ತಿದ್ದವು. ಚಿತ್ರಮಂದಿರದವರೋ, ಆಟ ಬೇಗ ಮುಗಿಯಲೆಂದು ರೀಲನ್ನು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದರು.

ಈ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಿದ್ದು ಧ್ವನಿ. 1926ರಲ್ಲಿ ಅಮೆರಿಕದ ವಾರ್ನರ್ ಸಂಸ್ಥೆ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ತಂತ್ರಜ್ಞಾನದೊಂದಿಗೆ 'ವೈಟಾಫೋನ್' ಪದ್ಧತಿಯನ್ನು ತಂದಿತು. ಚಿತ್ರದ ವೇಗ ಕೊಂಚ ಏರುಪೇರಾದರೆ ಕಣ್ಣು ಸಹಿಸುತ್ತದೆ; ಕಿವಿ ಸಹಿಸುವುದಿಲ್ಲ. ಹಾಡು ಶ್ರುತಿ ತಪ್ಪುತ್ತದೆ, ನಾಯಕನ ಕಂಠ ಕೀರಲಾಗುತ್ತದೆ. ಹೀಗಾಗಿ ಕೈಹಿಡಿಯ ಜಾಗಕ್ಕೆ ಸ್ಥಿರ ವೇಗದ ಮೋಟಾರು ಬಂತು. ಆಗ ಒಳ್ಳೆಯ ಚಿತ್ರಮಂದಿರಗಳಲ್ಲಿ ರೀಲು ಓಡುತ್ತಿದ್ದ ವೇಗವನ್ನು ಗಮನಿಸಿ ಎಂಜಿನಿಯರುಗಳು ನಿಮಿಷಕ್ಕೆ 90 ಅಡಿ ಎಂದು ನಿಗದಿಪಡಿಸಿದರು. ಒಂದು ಅಡಿ ಫಿಲ್ಮಿನಲ್ಲಿ 16 ಫ್ರೇಮು. ಸೆಕೆಂಡಿಗೆ 24 ಆಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆ ಕಾಣುವಷ್ಟರಲ್ಲಿ ಇದು ಟಾಕಿಗಳ ಕಟ್ಟಳೆಯಾಗಿತ್ತು.

ಕಣ್ಣಿಗೆ 24 ಸಾಲದು ಎಂಬುದು ಆಗಲೂ ತಿಳಿದಿತ್ತು. ಅದಕ್ಕೇ ಪ್ರೊಜೆಕ್ಟರು ಪ್ರತಿ ಫ್ರೇಮನ್ನೂ ಎರಡು ಬಾರಿ ಬೆಳಗಿಸಿ ಮಿನುಗಾಟವನ್ನು ಮರೆಮಾಚುತ್ತಿತ್ತು. ಆದರೂ ಕ್ಯಾಮೆರಾ ಸರ್ರನೆ ಪಕ್ಕಕ್ಕೆ ತಿರುಗಿದರೆ ದೃಶ್ಯ ಅದುರುವುದು ತಪ್ಪಲಿಲ್ಲ. 1955ರ 'ಓಕ್ಲಹೋಮ!' 30 ಫ್ರೇಮಿನಲ್ಲೂ ಚಿತ್ರಿತವಾಯಿತು. ಡಗ್ಲಸ್ ಟ್ರಂಬುಲ್ 'ಷೋಸ್ಕ್ಯಾನ್' ಹೆಸರಿನಲ್ಲಿ 60ಕ್ಕೆ ಏರಿಸಿದರು. ಫಿಲ್ಮಿನ ಖರ್ಚು, ಹೊಸ ಯಂತ್ರಗಳ ಹೊರೆ ಇಂಥ ಯತ್ನಗಳಿಗೆ ಅಡ್ಡ ಬಂದವು.

ಡಿಜಿಟಲ್ ಯುಗ ಈ ಅಡ್ಡಿಯನ್ನು ಬಹುಮಟ್ಟಿಗೆ ತೆಗೆಯಿತು. 2012ರಲ್ಲಿ ಪೀಟರ್ ಜಾಕ್ಸನ್ 'ದಿ ಹಾಬಿಟ್' ಚಿತ್ರವನ್ನು 48 ಫ್ರೇಮಿನಲ್ಲಿ ತಂದರು. ಚಿತ್ರ ಸ್ಪಷ್ಟವಾಗಿತ್ತು, ದೂರು ಬಂದದ್ದೂ ಅದಕ್ಕೇ. ಟಿ.ವಿ. ಧಾರಾವಾಹಿಯಂತಿದೆ, ಸೆಟ್ಟು ಸೆಟ್ಟಾಗಿ, ಬಣ್ಣ ಬಣ್ಣವಾಗಿಯೇ ಕಾಣುತ್ತದೆ ಎಂದು ಅನೇಕ ವಿಮರ್ಶಕರು ಗೊಣಗಿದರು. 2016ರಲ್ಲಿ ಆಂಗ್ ಲೀ 120 ಫ್ರೇಮಿಗೆ ಹೋದರು; ಅದನ್ನು ಪೂರ್ಣವಾಗಿ ತೋರಿಸಬಲ್ಲ ಚಿತ್ರಮಂದಿರಗಳು ಬೆರಳೆಣಿಕೆಯಷ್ಟೇ ಇದ್ದವು. ಜೇಮ್ಸ್ ಕ್ಯಾಮರಾನ್ 2022ರ 'ಅವತಾರ್' ಎರಡನೆಯ ಭಾಗದಲ್ಲಿ ಕೆಲವು ದೃಶ್ಯಗಳಿಗಷ್ಟೇ 48 ಬಳಸಿ ನಡುದಾರಿ ಹಿಡಿದರು.

24ರ ತುಸು ಮಸುಕೇ ಕಥೆಯನ್ನು ಕನಸಿನಂತೆ ಕಾಣಿಸುತ್ತದೆ ಎಂಬುದು ಒಂದು ವಾದ. ಹಾಗಿದ್ದರೂ ಆ ಮಸುಕನ್ನು ಆರಿಸಿದ್ದು ಕಲಾವಿದನಲ್ಲ. ಧ್ವನಿಯ ಅಗತ್ಯ ಮತ್ತು ಆ ಕಾಲದ ಚಿತ್ರಮಂದಿರಗಳ ರೂಢಿ. ಸುಮಾರು ನೂರು ವರ್ಷ ಅದನ್ನೇ ನೋಡಿದ ಕಣ್ಣು ಅದನ್ನೇ ಸಿನಿಮಾದ ಗುಣವೆಂದು ನಂಬಿದೆ. ಸೆಕೆಂಡಿಗೆ 60 ಫ್ರೇಮಿನ ವಿಡಿಯೊ ಆಟಗಳೊಂದಿಗೆ ಬೆಳೆದ ಮಕ್ಕಳೂ ಹಾಗೇ ನಂಬಬೇಕೆಂದೇನೂ ಇಲ್ಲ.