ಅಟ್ಲಾಸ್ ಹಿಮಬಿರುಗಾಳಿ: ಕೌಂಟಿ ಕಚೇರಿ, ಸಾಕ್ಷ್ಯ ಮತ್ತು ತಡವಾದ ಪರಿಹಾರ

2013ರ ಅಕ್ಟೋಬರ್ ಮೊದಲ ವಾರ ಅಮೆರಿಕದ ಸೌತ್ ಡಕೋಟ ರಾಜ್ಯದ ಪಶ್ಚಿಮ ಭಾಗಕ್ಕೆ ಅಪ್ಪಳಿಸಿದ ಹಿಮಬಿರುಗಾಳಿ ‘ಅಟ್ಲಾಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಮೊದಲು ಸುರಿದದ್ದು ಮಳೆ. ತೊಯ್ದು ನಡುಗುತ್ತಿದ್ದ ದನಗಳ ಮೇಲೆ ಆಮೇಲೆ ಹಿಮ ಬಿತ್ತು. ಗಾಳಿಯ ವೇಗ ಗಂಟೆಗೆ ಸುಮಾರು 110 ಕಿ.ಮೀ. ಮುಟ್ಟಿತು. ಲೀಡ್ ಎಂಬ ಊರಿನಲ್ಲಿ 55 ಅಂಗುಲ ಹಿಮ ದಾಖಲಾಯಿತು. ಚಳಿಗಾಲದ ದಟ್ಟ ರೋಮ ಇನ್ನೂ ಬೆಳೆಯದ ದನಗಳು ಬೇಸಿಗೆಯ ಬಯಲು ಹುಲ್ಲುಗಾವಲಿನಲ್ಲೇ ಇದ್ದವು. ಗಾಳಿಗೆ ಬೆನ್ನು ಕೊಟ್ಟು ಮೈಲಿಗಟ್ಟಲೆ ನಡೆದವು, ಹಿಮದಡಿ ಹೂತ ಬೇಲಿಗಳನ್ನು ದಾಟಿದವು, ಹಳ್ಳಕೊಳ್ಳಗಳಲ್ಲಿ ಒಂದರ ಮೇಲೊಂದು ಬಿದ್ದು ಸತ್ತವು. ಸತ್ತವುಗಳ ಲೆಕ್ಕ ಹತ್ತಾರು ಸಾವಿರ.

ಇಂಥ ನಷ್ಟಕ್ಕೆ ಸರ್ಕಾರ ಹಣ ಕೊಡುವ ವ್ಯವಸ್ಥೆ ಅಮೆರಿಕದಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮಟ್ಟದಲ್ಲಿ ನಡೆಯುತ್ತದೆ. ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿಯ ಸ್ಥಳೀಯ ಕಚೇರಿಗೆ ರೈತರು ಅರ್ಜಿ ಸಲ್ಲಿಸುತ್ತಾರೆ. ರೈತರೇ ಚುನಾಯಿಸಿದ ಕೌಂಟಿ ಸಮಿತಿ ಅದನ್ನು ಪರಿಶೀಲಿಸುತ್ತದೆ. ನೆರೆಹೊರೆಯವರ ಸ್ಥಿತಿಗತಿ ಬಲ್ಲವರೇ ತೀರ್ಮಾನಿಸುವ ಈ ಪದ್ಧತಿ ಮೆಚ್ಚತಕ್ಕದ್ದು. ಆದರೆ ಅಟ್ಲಾಸ್ ಬೀಸಿದಾಗ ಆ ಕಚೇರಿಗಳ ಬಾಗಿಲೇ ಮುಚ್ಚಿತ್ತು. ಬಜೆಟ್ ಬಿಕ್ಕಟ್ಟಿನಿಂದ ಅಕ್ಟೋಬರ್ 1ರಿಂದಲೇ ಕೇಂದ್ರ ಸರ್ಕಾರದ ಕೆಲಸಕಾರ್ಯ ಸ್ಥಗಿತಗೊಂಡಿತ್ತು.

ಬಾಗಿಲು ತೆರೆದಿದ್ದರೂ ಕೊಡಲು ಹಣವಿರಲಿಲ್ಲ. 2008ರ ಕೃಷಿ ಕಾಯ್ದೆ ರೂಪಿಸಿದ ಜಾನುವಾರು ನಷ್ಟ ಪರಿಹಾರ ಯೋಜನೆಯ ಅವಧಿ 2011ರ ಸೆಪ್ಟೆಂಬರ್ 30ಕ್ಕೇ ಮುಗಿದಿತ್ತು.

ರೈತರ ನಿಜವಾದ ಇಕ್ಕಟ್ಟು ಸಾಕ್ಷ್ಯದ್ದು. ಸತ್ತ ಜಾನುವಾರನ್ನು 36 ಗಂಟೆಯೊಳಗೆ ಹೂಳಿಯೋ ಸುಟ್ಟೋ ಬೇರೆ ಅನುಮತಿಸಿದ ರೀತಿಯಲ್ಲೋ ವಿಲೇವಾರಿ ಮಾಡಬೇಕು ಎಂದು ರಾಜ್ಯದ ಕಾನೂನು ಹೇಳುತ್ತದೆ. ಪರಿಹಾರ ಬೇಕಾದರೆ ಸತ್ತದ್ದಕ್ಕೆ ಪುರಾವೆ ಬೇಕು. ಯಾವ ಯೋಜನೆಯೂ ಜಾರಿಯಲ್ಲಿಲ್ಲದ ಆ ದಿನಗಳಲ್ಲಿ, ಮುಂದೆಂದಾದರೂ ಬರಬಹುದಾದ ಕಾಯ್ದೆಗಾಗಿ ದಾಖಲೆ ಇಟ್ಟುಕೊಳ್ಳಿ ಎಂಬ ಸಲಹೆ ಅವರಿಗೆ ಸಿಕ್ಕಿತು. ರೈತರು ಕೊಳೆಯತೊಡಗಿದ ಹೆಣಗಳ ನಡುವೆ ಓಡಾಡಿ, ಚರ್ಮದ ಮೇಲಿನ ಬರೆಯ ಗುರುತು ನೋಡಿ ಯಾರ ದನವೆಂದು ಪತ್ತೆಹಚ್ಚಿದರು, ಕಿವಿಯೋಲೆಯ ಸಂಖ್ಯೆ ಬರೆದುಕೊಂಡರು, ಫೋಟೊ ತೆಗೆದರು, ಮೂರನೆಯವರ ಹೇಳಿಕೆ ಪಡೆದರು. ನಮ್ಮ ಕಡೆಯ ಮಹಜರನ್ನು ಹೋಲುವ ಈ ಕೆಲಸವನ್ನು ಅಲ್ಲಿ ನಷ್ಟ ಉಂಡವನೇ ಮಾಡಬೇಕಾಯಿತು. ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿಯ ಹಿಂಡನ್ನು ಕಳೆದುಕೊಂಡವನ ಮೇಲೆ ಹೇರಬಾರದ ಹೊರೆ ಅದು.

ಸರ್ಕಾರದ ಪರಿಹಾರ ಬರುವವರೆಗಿನ ತಿಂಗಳುಗಳಲ್ಲಿ ಕೈಹಿಡಿದದ್ದು ಜನರ ದೇಣಿಗೆ. ರಾಜ್ಯದ ದನ ಮತ್ತು ಕುರಿ ಸಾಕಣೆದಾರರ ಸಂಘಗಳು ಕೂಡಿ ‘ರ‍್ಯಾಂಚರ್ ರಿಲೀಫ್ ಫಂಡ್’ ಕಟ್ಟಿದವು. ಹೊರ ರಾಜ್ಯಗಳ ರೈತರು ಕಡಸುಗಳನ್ನೇ ಲಾರಿಯಲ್ಲಿ ಕಳಿಸಿಕೊಟ್ಟರು.

2014ರ ಫೆಬ್ರವರಿ 7ರಂದು ಅಧ್ಯಕ್ಷ ಒಬಾಮ ಹೊಸ ಕೃಷಿ ಕಾಯ್ದೆಗೆ ಸಹಿ ಹಾಕಿದರು. ಅದು ಜಾನುವಾರು ನಷ್ಟ ಪರಿಹಾರ ಯೋಜನೆಯನ್ನು ಕಾಯಂಗೊಳಿಸಿ, 2011ರ ಅಕ್ಟೋಬರ್‌ನಿಂದ ಆದ ನಷ್ಟಗಳಿಗೂ ಪೂರ್ವಾನ್ವಯ ಮಾಡಿತು. ಏಪ್ರಿಲ್ 15ರಿಂದ ಅರ್ಜಿ ಸ್ವೀಕಾರ ಶುರುವಾಯಿತು. ಬಿರುಗಾಳಿ ಕಳೆದು ಆಗಲೇ ಆರು ತಿಂಗಳು ದಾಟಿತ್ತು. ಪರಿಹಾರ ಮಾರುಕಟ್ಟೆ ಬೆಲೆಯ ಶೇ. 75, ಅದೂ ಸಹಜವಾಗಿ ಸಾಯುವ ಪ್ರಮಾಣವನ್ನು ಕಳೆದು ಉಳಿದವಕ್ಕೆ ಮಾತ್ರ. ದರ ನಷ್ಟವಾದ ವರ್ಷದ್ದು. ಅತ್ತ 2014ರಲ್ಲಿ ದನದ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ತಡವಾದ ಹಣ ಹಾಗಾಗಿ ಕಡಿಮೆ ಹಸುಗಳನ್ನಷ್ಟೇ ಕೊಳ್ಳಬಲ್ಲದಾಗಿತ್ತು. ವಿಳಂಬವೇ ಒಂದು ಕಡಿತವಾಗಿ ಪರಿಣಮಿಸಿದ್ದನ್ನು ಪರಿಹಾರ ನೀತಿಯ ಅಧ್ಯಯನಗಳು ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವ್ಯಕ್ತಿಯೊಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಎಂಬ ಪರಿಹಾರದ ಮಿತಿಯನ್ನು ಈ ಯೋಜನೆಯ ಮಟ್ಟಿಗೆ 2018ರಲ್ಲಿ ತೆಗೆದುಹಾಕಲಾಯಿತು. ಇನ್ನೊಂದು ಕೊರತೆ ಮತ್ತೂ ಉಳಿಯಿತು. ಅಟ್ಲಾಸ್‌ನಲ್ಲಿ ಸತ್ತ ಹಸುಗಳಲ್ಲಿ ಬಹಳಷ್ಟು ಗಬ್ಬದವು. ಮುಂದಿನ ವಸಂತದಲ್ಲಿ ಹುಟ್ಟಬೇಕಿದ್ದ ಕರುಗಳಿಗೆ ಕಾನೂನಿನಲ್ಲಿ ಬೆಲೆಯಿರಲಿಲ್ಲ. 2025ರ ಜುಲೈ ತಿಂಗಳ ಕಾಯ್ದೆ ಗರ್ಭಸ್ಥ ಜಾನುವಾರಿಗೂ ಹೆಚ್ಚುವರಿ ಪರಿಹಾರ ಸೇರಿಸಿದೆ. ಅದು ಅನ್ವಯಿಸುವುದು 2024ರ ಜನವರಿ 1ರಿಂದ ಈಚಿನ ನಷ್ಟಗಳಿಗೆ.