ಹಿತ್ತಿಲ ಮೆಣಸಿನ ಹಳೇ ಕಥೆ



ಅಂಕೋಲೆಯ ಕಡೆ ಹಾಲಕ್ಕಿಯವರ ಸುಗ್ಗಿ ಕುಣಿತ ಮುಗಿಯಿತು, ಗುಮಟೆಯ ಸದ್ದು ನಿಂತಿತು. ಇನ್ನು ಹಿತ್ತಿಲ ಕೆಲಸ: ಹರಿವೆಗೆ ನೀರು, ಬೆಂಡೆಗೆ ಗೊಬ್ಬರ, ಮೆಣಸಿನ ಬುಡಕ್ಕೆ ತರಗೆಲೆಯ ಹೊದಿಕೆ.

ಆ ಮೆಣಸಿನ ಗಿಡ ನಮ್ಮ ನಾಡಿನದೇ ಅಂದುಕೊಂಡಿದ್ದೀರಾ? ಅಲ್ಲ, ಅದರ ತವರು ಅಮೆರಿಕಾ ಖಂಡ. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗುಗಳ ದಾರಿಯಲ್ಲೇ ಮೆಣಸಿನಕಾಯಿ, ಗೇರು, ಅನಾನಸು ನಮ್ಮ ಕರಾವಳಿಗೆ ಬಂದವು. ಅದಕ್ಕೂ ಮೊದಲು ಸಾರಿನ ಖಾರವೆಂದರೆ ಕಾಳುಮೆಣಸು. ಅದನ್ನು ಅರಸಿಕೊಂಡೇ ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ಕಾರವಾರದಲ್ಲಿ ಕೋಠಿ ಹಾಕಿದರು. ಕಾಳುಮೆಣಸಿನ ಬಳ್ಳಿಗೆ ಮರ ಬೇಕು, ಫಲಕ್ಕೆ ಮೂರು ವರ್ಷ ಕಾಯಬೇಕು. ಹೊಸ ಮೆಣಸಿಗೆ ಮೂರು-ನಾಲ್ಕು ತಿಂಗಳು ಸಾಕು, ಬಾವಿಕಟ್ಟೆಯ ಪಕ್ಕದ ಒಂದು ಮಡಿ ಸಾಕು. ಹೀಗೆ ಬಡವರ ಅಡಿಗೆಗೂ ಖಾರ ಸುಲಭವಾಯಿತು. ಹಳೆಯದರ ಹೆಸರೇ ಹೊಸದಕ್ಕೂ ಅಂಟಿತು.

ಇಷ್ಟು ಕಾಲ ಅದನ್ನು ಕಾಪಾಡಿದವರು ಯಾರು? ಬೀಜ ಎತ್ತಿಟ್ಟ ನಿಮ್ಮ ಅಜ್ಜಿಯಂದಿರು. ಬೀಜ ಇಡುವುದನ್ನು ಬಿಟ್ಟರೆ ಮನೆಯ ತಳಿ ಹೋಯಿತೆಂದೇ ತಿಳಿಯಿರಿ. ಪೇಟೆಯ ಪೊಟ್ಟಣದಲ್ಲಿ ಅದು ಸಿಗುವುದಿಲ್ಲ.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಎಲೆ ಮುರುಟದ, ಚೆನ್ನಾಗಿ ಕಾಯಿ ಬಿಡುವ ಎರಡು ಗಿಡಗಳಿಗೆ ನೂಲು ಕಟ್ಟಿ ಗುರುತಿಡಿ. ಕಾಯಿ ಗಿಡದಲ್ಲೇ ಕೆಂಪಾಗಲಿ. ಬೀಜವನ್ನು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಮಳೆಗಾಲದ ತೇವ ತಾಗದಂತೆ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ನೆರೆಮನೆಗೂ ಒಂದು ಚಿಟಿಕೆ ಕೊಡಿ. ನಿಮ್ಮದು ಕೆಟ್ಟರೂ ಅಲ್ಲಿಂದ ಮರಳಿ ಬಂದೀತು.